ಅರವತ್ತರ ಮೇಲಿನ ನಡುಕ

"ಬಂತು ನೋಡಿ," ಎಂದರು ವಕೀಲಮ್ಮ, ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು.

ಹೇಳುವ ಅಗತ್ಯವೇ ಇರಲಿಲ್ಲ. ಮುಳ್ಳು ಅರವತ್ತೆರಡನ್ನು ಮುಟ್ಟುವ ಮೊದಲೇ ಮೇಸ್ತ್ರಿಯ ಬೆನ್ನಿಗೆ ಅದು ಗೊತ್ತಾಗಿತ್ತು. ಸೀಟಿನ ಕೆಳಗೆ ಹುಟ್ಟಿದ ಸಣ್ಣ ನಡುಕ ಮೊದಲು ಸೊಂಟಕ್ಕೆ ಬಂತು, ಆಮೇಲೆ ಹಲ್ಲಿಗೆ ಬಂತು. ಎಪ್ಪತ್ತಾಗುವಷ್ಟರಲ್ಲಿ ಮುಂದೆ ಇಟ್ಟಿದ್ದ ಪೆನ್ನು ತಾನಾಗಿಯೇ ಅಂಚಿನತನಕ ನಡೆದುಕೊಂಡು ಹೋಗಿ ಕೆಳಗೆ ಬಿತ್ತು.

"ಸ್ಟೀರಿಂಗ್ ಅದುರ್ತಿದೆಯಾ?"

"ಇಲ್ಲ. ಕೂತ ಜಾಗ ಅದುರ್ತಿದೆ."

ಹಾಗಾದರೆ ಮುಂದಿನ ಚಕ್ರಗಳ ತಪ್ಪಲ್ಲ. ಗೇರ್ ತೆಗೆದು ಗಾಡಿಯನ್ನು ಅದರ ಪಾಡಿಗೆ ಬಿಡಿ ಎಂದು ಮೇಸ್ತ್ರಿ ಹೇಳಿದ. ಎಂಜಿನ್ನಿನ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. ಅಲ್ಲಿಗೆ ಎಂಜಿನ್ನೂ ಪಾರಾಯಿತು, ಕ್ಲಚ್ಚೂ ಪಾರಾಯಿತು. ವೇಗ ಐವತ್ತೈದಕ್ಕೆ ಬಿದ್ದ ಮೇಲೆ ಗಾಡಿ ಏನೂ ಆಗಿಲ್ಲವೆಂಬಂತೆ ಸಾಧುವಾಯಿತು.

ಇಬ್ಬರ ನಡುವೆ ಸಿಕ್ಕಿಕೊಂಡು ಕೂತಿದ್ದ ಗಾಜಿನಂಗಡಿಯವರು ಹಿಡಿದಿದ್ದ ಉಸಿರು ಬಿಟ್ಟರು. ಗಾಡಿ ಈಗ ಅವರದು. ನಾಲ್ಕು ತಿಂಗಳ ಹಿಂದೆ ಹಳೇ ಗಾಡಿ ಮಾರುವವನೊಬ್ಬನಿಂದ ಕೊಂಡದ್ದು. ಚಕ್ರ ಮೂರು ಸಲ ಬ್ಯಾಲೆನ್ಸ್ ಮಾಡಿಸಿದರು, ಎರಡು ಟೈರು ಬದಲಿಸಿದರು, ಏನೂ ಪ್ರಯೋಜನವಾಗಲಿಲ್ಲ. ಈಗ ಐವತ್ತು ದಾಟಿಸುವುದಿಲ್ಲ. ಹೆಣ ಸಾಗಿಸುವ ಗಾಡಿಯೂ ತಮ್ಮನ್ನು ಹಿಂದೆ ಹಾಕಿಕೊಂಡು ಹೋಗುತ್ತದೆ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

"ನನ್ನ ಕಸುಬೇ ಗಾಜು ಸಾಗಿಸೋದು ಮೇಸ್ತ್ರಿ. ಇಂಥ ಗಾಡೀಲಿ ಗಾಜು ಸಾಗಿಸೋದೂ ಒಂದೇ, ಜರಡೀಲಿ ನೀರು ಹೊರೋದೂ ಒಂದೇ."

ಮೇಸ್ತ್ರಿಗೆ ನಗು ಬರಲಿಲ್ಲ. ಈಗ ನೀಲಿ ಬಣ್ಣ ಬಳಿದುಕೊಂಡಿರುವ ಈ ಪಿಕಪ್ಪು ಎರಡು ವರ್ಷದ ಹಿಂದೆ ಬಿಳಿಯದಾಗಿತ್ತು, ಬಾಗಿಲು ಮಾಡುವ ಕಾರ್ಖಾನೆಯೊಂದರದಾಗಿತ್ತು. ಆಗ ಇದು ಇಳಿಜಾರಿನಲ್ಲಿ ಬಸ್ ಸ್ಟಾಪಿಗೆ ನುಗ್ಗಿ ಒಬ್ಬ ದರ್ಜಿಯನ್ನು ಕೊಂದಿತ್ತು. ಅದರ ಡ್ರೈವರು, ಅಂದರೆ ಮೇಸ್ತ್ರಿಯ ಸ್ವಂತ ತಮ್ಮ, ಐದು ವರ್ಷದ ಶಿಕ್ಷೆಯಲ್ಲಿ ಎರಡನ್ನು ಕಳೆದಿದ್ದ. ಸೋಮವಾರ ಅವನ ಮೇಲ್ಮನವಿಯ ವಿಚಾರಣೆ.

"ಗಾಡಿ ನಡುಗ್ತಿತ್ತು, ಕೆಳಗಿಂದ ಏನೋ ಹೊಡೀತು, ಬ್ರೇಕ್ ಹಿಡೀಲಿಲ್ಲ" ಎಂದು ತಮ್ಮ ಕೋರ್ಟಿನಲ್ಲಿ ಹೇಳಿದ್ದ. ಯಾರೂ ನಂಬಲಿಲ್ಲ. ಯಾಕೆ ನಂಬಲಿಲ್ಲ ಎಂಬುದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಗಾಡಿಯಲ್ಲಿ ನಡುಕ ಇರಲಿಲ್ಲ ಎಂದು ಸಾಕ್ಷಿ ಹೇಳಿದವನು ಅವನೇ.

* * *

ಮೇಸ್ತ್ರಿಯ ರಿಪೇರಿ ಶೆಡ್ಡಿಗೆ ಬಂದಾಗ ಬಿಸಿಲು ತಗಡಿನ ಮೇಲೆ ಏರಿತ್ತು. ಗಾಜಿನಂಗಡಿಯವರು ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದರು. ಮೇಸ್ತ್ರಿ ಗಾಡಿಯನ್ನು ಅಡಿಗೆ ಇಳಿದು ನೋಡಲು ತೋಡಿದ ಗುಂಡಿಯ ಮೇಲೆ ನಿಲ್ಲಿಸಿ, ಹಿಂಭಾಗವನ್ನು ಜಾಕಿನಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡು ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ಕಳಚಿಟ್ಟ.

"ಈಗ ಗೇರಿಗೆ ಹಾಕಿ ಅರವತ್ತೈದಕ್ಕೆ ತನ್ನಿ. ಗಾಡಿ ಎಲ್ಲೂ ಹೋಗಲ್ಲ, ಹೆದರಬೇಡಿ."

ವಕೀಲಮ್ಮ ಹೆದರುವವರಲ್ಲ. ಮೂವತ್ತು ವರ್ಷ ಕೋರ್ಟಿನ ಮೆಟ್ಟಿಲು ಸವೆಸಿದ ಹೆಂಗಸು. ಬಾಗಿಲು ಕಾರ್ಖಾನೆಯ ಸಾಹುಕಾರನ ಎದುರೇ ಕುರ್ಚಿ ಎಳೆದುಕೊಂಡು ಕೂತು ಅವನ ಬೆವರಿಳಿಸಿ ಬಂದವರು. ಗಾಡಿಯ ಚಾಸಿ ನಂಬರು ಹಿಡಿದು, ಎರಡು ಕೈ ದಾಟಿದ್ದರೂ ಪತ್ತೆ ಹಚ್ಚಿ ಇಲ್ಲಿಗೆ ತಂದವರೂ ಅವರೇ.

ಮೇಸ್ತ್ರಿ ಗುಂಡಿಗೆ ಇಳಿದು ಒಂದು ಬದಿಗೆ ನಿಂತು ಚಾಸಿಗೆ ಅಂಗೈ ಒತ್ತಿದ. ಚಕ್ರವಿಲ್ಲದ ಗಾಡಿಯೂ ನಡುಗುತ್ತಿತ್ತು. ಅಂಗೈಯನ್ನು ಹಿಂದಿನಿಂದ ಮುಂದಕ್ಕೆ ಸರಿಸುತ್ತ ಬಂದ. ನಡುವಿಗೆ ಬಂದಾಗ ನಡುಕ ಮೊಣಕೈತನಕ ಹತ್ತಿತು.

"ಸಾಕು, ನಿಲ್ಲಿಸಿ. ಶಾಫ್ಟು."

ಎಂಜಿನ್ನಿನ ತಿರುಗಾಟವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಉದ್ದನೆಯ ಕಬ್ಬಿಣದ ಕೊಳವೆಯದು. ಈ ಗಾಡಿಯಲ್ಲಿ ಅದಕ್ಕೆ ಎರಡು ತುಂಡು, ನಡುವೆ ತೂಗಿ ಹಿಡಿಯಲು ಒಂದು ಬೇರಿಂಗು. ಮೇಸ್ತ್ರಿ ಟಾರ್ಚು ಹಿಡಿದು ನೋಡಿದ. ಬೇರಿಂಗು ಗಾಡಿಯಷ್ಟು ಹಳೆಯದಲ್ಲ, ಅದರ ರಬ್ಬರಿನಲ್ಲಿ ಒಂದು ಬಿರುಕೂ ಇರಲಿಲ್ಲ.

ವಕೀಲಮ್ಮ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಚೀಲದಿಂದ ಒಂದು ಕಾಗದ ತೆಗೆದರು. ಅಪಘಾತವಾದ ಮೇಲೆ ಗಾಡಿಯನ್ನು ಕೊಂಡು ರಿಪೇರಿ ಮಾಡಿಸಿ ಮಾರಿದ ಹಳೇ ಗಾಡಿ ವ್ಯಾಪಾರಿಯ ಪಟ್ಟಿ ಅದು. ಅವನ ಬಾಯಿ ಬಿಡಿಸಲು ಅವರಿಗೆ ಎರಡು ವಾರ ಹಿಡಿದಿತ್ತು. ಮುಂದಿನ ಬಂಪರು, ರೇಡಿಯೇಟರು, ಬಲಗಡೆ ದೀಪ ಎಂದು ಓದುತ್ತ ಬಂದು ಕೊನೆಯ ಎರಡು ಸಾಲಿಗೆ ನಿಂತರು.

"ನಡುವಿನ ಬೇರಿಂಗು ಒಂದು. ಬ್ರೇಕ್ ಪೈಪು ಒಂದೂವರೆ ಅಡಿ."

ಮೇಸ್ತ್ರಿ ಟಾರ್ಚನ್ನು ಚಾಸಿಯ ಉದ್ದಕ್ಕೂ ಓಡಿಸಿದ. ಬ್ರೇಕ್ ಪೈಪು ಹಳೆಯದು, ತುಕ್ಕಿನ ಬಣ್ಣದ್ದು. ಒಂದು ಕಡೆ ಮಾತ್ರ ಒಂದೂವರೆ ಅಡಿ ಹೊಸದಾಗಿ ಹೊಳೆಯುತ್ತಿತ್ತು. ಅದು ಸರಿಯಾಗಿ ಶಾಫ್ಟಿನ ಪಕ್ಕದಲ್ಲಿ, ನಡುವಿನ ಬೇರಿಂಗಿನಿಂದ ಒಂದು ಗೇಣು ದೂರದಲ್ಲಿತ್ತು.

"ಮೂತಿ ಗುದ್ದಿಸಿಕೊಂಡ ಗಾಡಿಗೆ ಹೊಟ್ಟೇಲಿರೋ ಪೈಪು ಯಾಕೆ ತುಂಡಾಗಬೇಕು?" ಎಂದು ವಕೀಲಮ್ಮ ಕೇಳಿದರು.

ಯಾಕೆಂದು ಮೇಸ್ತ್ರಿಗೆ ಈಗ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ತಿಂಗಳುಗಟ್ಟಲೆ ನಡುಗಿದ ಶಾಫ್ಟು ಹಳೇ ಬೇರಿಂಗನ್ನು ತಿಂದುಹಾಕಿದೆ. ಅದು ಕೈಬಿಟ್ಟ ಗಳಿಗೆಯಲ್ಲಿ ಶಾಫ್ಟು ಬೀಸಿ ಪಕ್ಕದ ಪೈಪಿಗೆ ಹೊಡೆದಿದೆ. ಎಣ್ಣೆ ಸೋರಿದ ಮೇಲೆ ಬ್ರೇಕನ್ನು ಒತ್ತಿದರೇನು, ಬಿಟ್ಟರೇನು. ತಮ್ಮ ಹೇಳಿದ ಮೂರು ಮಾತೂ ಅದೇ ಕ್ರಮದಲ್ಲಿ ನಿಜವಾಗಿದ್ದವು. ನಡುಗಿತು, ಹೊಡೆಯಿತು, ಹಿಡಿಯಲಿಲ್ಲ.

ಅಪಘಾತದ ದಿನ ಬೇರಿಂಗು ಸತ್ತದ್ದು ನಡುಕದಿಂದ. ಆದರೆ ಇವತ್ತು ಹೊಸ ಬೇರಿಂಗಿದ್ದರೂ ನಡುಕ ಉಳಿದಿದೆ. ಅಂದರೆ ಮೂಲ ಬೇರೆ ಇದೆ, ಅದನ್ನು ಇಲ್ಲಿಯತನಕ ಯಾರೂ ಮುಟ್ಟಿಲ್ಲ. ಅದಕ್ಕೆ ಕಾರಣನಾದವನು ಸಿಕ್ಕರೆ ತಮ್ಮ ಸೋಮವಾರ ಮನೆಗೆ ಬರುತ್ತಾನೆ.

ಎಂಟು ವಾರದಿಂದ ಇಬ್ಬರೂ ಬೆನ್ನು ಹತ್ತಿದ್ದು ಬಾಗಿಲು ಸಾಹುಕಾರನನ್ನು. ಕಂಡಕಂಡ ಕಡೆ ಅಗ್ಗದ ರಿಪೇರಿ ಮಾಡಿಸುವ ಜಿಪುಣ ಎಂಬ ಹೆಸರು ಅವನಿಗಿತ್ತು. ಅವನಲ್ಲದಿದ್ದರೆ ಹಳೇ ಗಾಡಿ ವ್ಯಾಪಾರಿ. ಈ ಇಬ್ಬರಲ್ಲಿ ಒಬ್ಬ ಎಂದು ಮೇಸ್ತ್ರಿ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೋ ಲೆಕ್ಕವಿಲ್ಲ. ಹೇಳಿಕೊಳ್ಳುವಾಗಲೆಲ್ಲ ಎದೆ ಸ್ವಲ್ಪ ಹಗುರವಾಗುತ್ತಿತ್ತು.

ವಕೀಲಮ್ಮನಿಗೆ ಫೋನ್ ಬಂತು. ಮಾತಾಡುತ್ತ ಅವರು ಬೀದಿಗೆ ಇಳಿದರು.

ಮೇಸ್ತ್ರಿ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿದ. ಬಗ್ಗಿಲ್ಲ, ಎಲ್ಲೂ ಸಡಿಲವಿಲ್ಲ. ಇನ್ನು ಉಳಿದದ್ದು ತುಂಡುಗಳು ಒಂದರೊಳಗೊಂದು ಸೇರುವ ಜಾಗ. ಅಲ್ಲಿ ಒಳಗೆ ಹಲ್ಲುಗಳಿರುತ್ತವೆ, ಹೇಗೆ ಬೇಕಾದರೂ ಸೇರಿಸಬಹುದು. ಆದರೆ ಸರಿಯಾಗಿ ಸೇರಿಸುವ ರೀತಿ ಒಂದೇ. ಆಚೆ ತುದಿಯಲ್ಲಿ ಕೀಲು ಹಿಡಿಯುವ ಕವಲೂ ಈಚೆ ತುದಿಯ ಕವಲೂ ಒಂದೇ ನೇರಕ್ಕೆ ನಿಲ್ಲಬೇಕು. ಅವನು ಒಂದು ಕಣ್ಣು ಮುಚ್ಚಿ, ಕೊಳವೆಯ ಉದ್ದಕ್ಕೂ ದೃಷ್ಟಿ ಹಾಯಿಸಿದ.

ನೇರ ಇರಲಿಲ್ಲ. ಎರಡು ಹಲ್ಲು ಜರುಗಿತ್ತು.

ಯಾರೋ ಬಿಚ್ಚಿ ತಪ್ಪಾಗಿ ಸೇರಿಸಿದ್ದಾರೆ. ಮೇಸ್ತ್ರಿಯ ಮೈಯಲ್ಲಿ ಹೊಸ ಉಸಿರು ಬಂದಂತಾಯಿತು. ಬಿಚ್ಚಿದವನು ಗುರುತು ಹಾಕಿಯೇ ಇರುತ್ತಾನೆ. ಅವನು ಬಟ್ಟೆಗೆ ಸೀಮೆಎಣ್ಣೆ ಹಚ್ಚಿ, ಗಟ್ಟಿಯಾಗಿದ್ದ ಗ್ರೀಸನ್ನು ಉಜ್ಜಿ ಉಜ್ಜಿ ತೆಗೆದ.

ಕಬ್ಬಿಣದ ಮೇಲೆ ಮೂರು ಚುಕ್ಕೆ ಕಂಡವು, ಓರೆಯಾದ ಒಂದು ಸಾಲಿನಲ್ಲಿ. ಎದುರಿನ ತುಂಡಿನ ಮೇಲೂ ಮೂರು. ಆರೂ ಚುಕ್ಕೆಗಳು ಕೂದಲೆಳೆಯಷ್ಟೂ ತಪ್ಪದೆ ಮುಖಕ್ಕೆ ಮುಖ ಕೊಟ್ಟು ನಿಂತಿದ್ದವು.

ಮೇಸ್ತ್ರಿ ಟಾರ್ಚನ್ನು ಹತ್ತಿರಕ್ಕೆ ತಂದು ಮತ್ತೆ ಎಣಿಸಿದ.

ಬಿಚ್ಚುವ ಮೊದಲು ಗುರುತು ಹಾಕು, ಗುರುತಿಲ್ಲದೆ ಬಿಚ್ಚಿದ್ದನ್ನು ದೇವರೂ ಜೋಡಿಸಲಾರ. ಇದು ಕೆಲಸ ಕಲಿಸಿದ ಗುರುವಿನ ಮೊದಲ ಪಾಠ. ಆ ಶೆಡ್ಡಿನಲ್ಲಿ ಕಲಿತ ಒಬ್ಬೊಬ್ಬನಿಗೂ ಒಂದೊಂದು ಗುರುತು. ಒಬ್ಬನದು ಎರಡು ಗೆರೆ, ಇನ್ನೊಬ್ಬನದು ಒಂದು ಗುಣಾಕಾರದ ಚಿಹ್ನೆ. ಓರೆಯಾದ ಮೂರು ಚುಕ್ಕೆ ಮೇಸ್ತ್ರಿಯದು. ನಲವತ್ತು ವರ್ಷದಿಂದ ಅವನದೇ.

ಆ ದಿನ ನೆನಪಾಯಿತು. ಅಪಘಾತಕ್ಕೆ ಮೂರು ತಿಂಗಳ ಹಿಂದೆ ತಮ್ಮ ಗಾಡಿ ತಂದು ಬಿಟ್ಟಿದ್ದ. ಶಾಫ್ಟಿನ ಒಂದು ಕೀಲು ಸವೆದಿತ್ತು. ಮೇಸ್ತ್ರಿ ಅಭ್ಯಾಸದಂತೆ ಮೂರು ಚುಕ್ಕೆ ಹೊಡೆದ, ಬಿಚ್ಚಿದ, ಕೀಲು ಬದಲಿಸಿದ, ಚುಕ್ಕೆಗೆ ಚುಕ್ಕೆ ಕೂಡಿಸಿ ಸೇರಿಸಿದ. ಅವನಿಗಿಂತ ಮೊದಲು ಯಾರೋ ಎರಡು ಹಲ್ಲು ತಪ್ಪಾಗಿ ಸೇರಿಸಿದ್ದರು. ಅದನ್ನು ಅವನು ನೋಡಲೇ ಇಲ್ಲ. ತಪ್ಪಿಗೇ ಗುರುತು ಹಾಕಿ, ಆ ತಪ್ಪನ್ನು ಜೋಪಾನವಾಗಿ ಅದರ ಜಾಗದಲ್ಲೇ ಕೂರಿಸಿದ್ದ. ಕವಲಿನ ನೇರ ನೋಡಲು ಅರೆ ನಿಮಿಷ ಸಾಕಿತ್ತು. ತನ್ನ ಗುರುತಿನ ಮೇಲೆ ಅಷ್ಟೊಂದು ನಂಬಿಕೆ ಇದ್ದವನಿಗೆ ಆ ಅರೆ ನಿಮಿಷ ಬೇಕು ಎನಿಸಿರಲಿಲ್ಲ.

ಆಮೇಲೆ ಬಿಚ್ಚಿದವರೆಲ್ಲ ಆ ಚುಕ್ಕೆಗಳನ್ನು ನಂಬಿ ಹಾಗೇ ಸೇರಿಸಿದ್ದಾರೆ. ಒಳ್ಳೇ ಕೈಯ ಗುರುತು ಎಂದು.

ಊರೆಲ್ಲ ಕಳ್ಳನನ್ನು ಹುಡುಕಿ ಬಂದವನಿಗೆ ದೀಪದ ಬುಡದಲ್ಲೇ ಕತ್ತಲು. ಮೇಸ್ತ್ರಿ ಗುಂಡಿಯ ಗೋಡೆಗೆ ಒರಗಿದ. ಇನ್ನೊಂದು ನೆನಪನ್ನು ತಡೆಯಲು ನೋಡಿದ, ಅದು ಬಂದೇ ಬಂತು. ರಿಪೇರಿಯಾಗಿ ಒಂದು ವಾರಕ್ಕೆ ತಮ್ಮ ವಾಪಸ್ ಬಂದಿದ್ದ. ಗಾಡಿ ಇನ್ನೂ ನಡುಗ್ತಿದೆ ಅಣ್ಣ, ಒಂದ್ಸಲ ಓಡಿಸಿ ನೋಡು ಎಂದಿದ್ದ. ಶೆಡ್ಡಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ತಮ್ಮ ಕುಡಿತ ಬಿಟ್ಟು ನಾಲ್ಕು ವರ್ಷವಾಗಿತ್ತು.

"ಗಾಡಿ ನಡುಗ್ತಿಲ್ಲ ಕಣೋ, ನಿನ್ನ ಕೈ ನಡುಗ್ತಿದೆ" ಎಂದಿದ್ದ ಮೇಸ್ತ್ರಿ. ಎಲ್ಲರೂ ನಕ್ಕಿದ್ದರು. ತಮ್ಮನೂ ಸ್ವಲ್ಪ ನಕ್ಕು ಹೋಗಿದ್ದ, ಮತ್ತೆ ದೂರು ಹೇಳಿಕೊಂಡು ಬರಲಿಲ್ಲ.

ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಬೀದಿಯಿಂದ ವಕೀಲಮ್ಮನ ಮಾತು ಕೇಳುತ್ತಿತ್ತು. ನಾಲ್ಕು ಬೋಲ್ಟು ಬಿಚ್ಚಿ ಎರಡು ಹಲ್ಲು ಸರಿಸಿದರೆ ನಡುಕವೂ ಹೋಗುತ್ತದೆ, ಸಾಕ್ಷಿಯೂ ಹೋಗುತ್ತದೆ. ಗಾಜಿನಂಗಡಿಯವರು ಕೈ ಮುಗಿದು ಗಾಡಿ ಒಯ್ಯುತ್ತಾರೆ. ಕಾರಣ ಸಿಗಲಿಲ್ಲ ಎಂದು ವಕೀಲಮ್ಮನಿಗೆ ಹೇಳಿದರಾಯಿತು. ಹತ್ತು ನಿಮಿಷದ ಕೆಲಸ.

ಅವನ ಕೈ ಸ್ಪ್ಯಾನರಿನ ಮೇಲಿತ್ತು. ಎಷ್ಟು ಹೊತ್ತು ಇತ್ತೋ ಅವನಿಗೇ ತಿಳಿಯಲಿಲ್ಲ. ಆಮೇಲೆ ಅದನ್ನು ಗುಂಡಿಯ ಹೊರಗೆ, ಕೈಗೆ ಸಿಗದಷ್ಟು ದೂರಕ್ಕೆ ಎಸೆದು ಕೂಗಿದ.

"ವಕೀಲಮ್ಮ, ಒಂದ್ನಿಮಿಷ ಬನ್ನಿ. ಫೋಟೋ ತೆಗೀಬೇಕು."

* * *

ವಕೀಲಮ್ಮ ಎಲ್ಲ ಕೋನದಿಂದಲೂ ಫೋಟೋ ತೆಗೆದರು. ಆಮೇಲೆ ಗುಂಡಿಯಲ್ಲೇ, ಒಂದು ಖಾಲಿ ಡಬ್ಬಿಯ ಮೇಲೆ ಕೂತರು. ಇದರಿಂದ ಗಾಡಿ ಹೇಗೆ ನಡುಗುತ್ತದೆ ಎಂದು ಕೇಳಿದರು.

"ಇಬ್ರು ಸೇರಿ ಮಂಚ ಹೊತ್ತಂಗೆ ಇದು. ಹೆಜ್ಜೆ ಕೂಡಿದ್ರೆ ಮಂಚ ಅಲ್ಲಾಡಲ್ಲ. ಒಬ್ಬ ಅರ್ಧ ಹೆಜ್ಜೆ ತಪ್ಪಿದ್ರೆ ಮಂಚ ಕುಣಿಯುತ್ತೆ. ನಿಧಾನಕ್ಕೆ ಹೋದ್ರೆ ಗೊತ್ತಾಗಲ್ಲ, ಓಡಿದ್ರೆ ಗೊತ್ತಾಗುತ್ತೆ."

"ಈ ಚುಕ್ಕೆ ಯಾರದು?"

ಮೇಸ್ತ್ರಿ ಹೇಳಿದ. ಗುರುವಿನ ಪಾಠದಿಂದ ಹಿಡಿದು ಎಲ್ಲವನ್ನೂ ಹೇಳಿದ. ಅವನು ನಿಲ್ಲಿಸಿದ ಮೇಲೆ ವಕೀಲಮ್ಮ ಚೀಲದಿಂದ ಇನ್ನೊಂದು ಕಾಗದ ತೆಗೆದರು. ಅದು ಕೋರ್ಟಿನಲ್ಲಿ ಅವನು ಕೊಟ್ಟ ಹೇಳಿಕೆ. ಅವರು ಅದನ್ನು ಓದಿ ಹೇಳುವಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು.

"'ರಿಪೇರಿ ಆದ ಮೇಲೆ ನಾನೇ ಓಡಿಸಿ ನೋಡಿದೆ. ಗಾಡಿಯಲ್ಲಿ ನಡುಕ ಇರಲಿಲ್ಲ. ಇದ್ದರೆ ಓಡಿಸುವವನ ಕೈಯಲ್ಲಿ ಇದ್ದಿರಬೇಕು.' ಇದು ನಿಮ್ಮ ಮಾತಾ, ಮೇಸ್ತ್ರಿಗಳೇ?"

"ನಂದೇ."

"ಓಡಿಸಿ ನೋಡಿದ್ರಾ?"

ಗುಂಡಿಯಲ್ಲಿ ಎಣ್ಣೆಯ ವಾಸನೆ ತುಂಬಿತ್ತು. ಮೇಸ್ತ್ರಿ ತನ್ನ ಎರಡೂ ಕೈಗಳನ್ನು ನೋಡಿಕೊಂಡ.

"ಇಲ್ಲ."

"ಮತ್ಯಾಕೆ ಹಾಗೆ ಹೇಳಿದ್ರಿ? ಅವರು ನಿಮ್ಮ ಒಡಹುಟ್ಟಿದವರಲ್ವಾ?"

ಯಾಕೆಂದು ಎರಡು ವರ್ಷದಿಂದ ಅವನೂ ಕೇಳಿಕೊಂಡಿದ್ದ. ನನ್ನ ಕೈ ದಾಟಿದ ಗಾಡಿಯಲ್ಲಿ ದೋಷ ಇರುವುದಿಲ್ಲ ಎಂದು ನಲವತ್ತು ವರ್ಷ ಹೇಳಿಕೊಂಡು ಬಂದವನು, ಕೋರ್ಟಿನಲ್ಲಿ ಎಲ್ಲರೆದುರು ಇಲ್ಲ, ಓಡಿಸಿ ನೋಡಲಿಲ್ಲ ಎನ್ನಲು ಆಗಲಿಲ್ಲ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಇದ್ದಿದ್ದರೆ ಇವತ್ತು ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

"ಮರ್ಯಾದೆ ಹೋಗುತ್ತೆ ಅಂತ," ಎಂದ.

ವಕೀಲಮ್ಮ ಹೇಳಿಕೆಯ ಕಾಗದವನ್ನು ಮಡಚಿ ಚೀಲಕ್ಕೆ ಸೇರಿಸಿದರು. ಆಮೇಲೆ ವಕೀಲಿಕೆಯ ದನಿಗೆ ಮರಳಿದರು. ಇದನ್ನು ಸೋಮವಾರ ಕೋರ್ಟಿನಲ್ಲಿ ಹೇಳಿದರೆ ತಮ್ಮ ಬಿಡುಗಡೆಯಾಗುವ ಸಂಭವ ಜಾಸ್ತಿ. ಆದರೆ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಮೇಸ್ತ್ರಿಯ ಮೇಲೆ ಕೇಸು ಬರುತ್ತದೆ, ಒಳಗೂ ಹೋಗಬೇಕಾದೀತು. ಶೆಡ್ಡಿನ ಕಡೆ ಯಾರೂ ತಲೆ ಹಾಕುವುದಿಲ್ಲ. ಒಂದು ದಿನ ಯೋಚನೆ ಮಾಡಿ ಎಂದರು.

"ಯೋಚನೆ ಮಾಡೋದೇನಿದೆ. ಹೇಳ್ತೀನಿ."

ಹಾಗಾದರೆ ತಾನು ಇನ್ನೊಬ್ಬ ಸಾಕ್ಷಿಯನ್ನೂ ಹುಡುಕುತ್ತೇನೆ ಎಂದರು ವಕೀಲಮ್ಮ. ಆ ದಿನ ಬಸ್ ಸ್ಟಾಪಿನಲ್ಲಿ ದರ್ಜಿಯ ಪಕ್ಕ ಇನ್ನೊಬ್ಬ ನಿಂತಿದ್ದ, ಕಾಲು ಮುರಿದುಕೊಂಡು ಮೂರು ತಿಂಗಳು ಆಸ್ಪತ್ರೆಯಲ್ಲಿದ್ದ. ಡ್ರೈವರೇ ತಾನು ಓಡಿಸುತ್ತಿದ್ದೆ ಎಂದು ಒಪ್ಪಿಕೊಂಡಿದ್ದರಿಂದ ಅವನನ್ನು ಆಗ ಯಾರೂ ಕರೆಸಿರಲಿಲ್ಲ. ಗಾಡಿಯ ಕೆಳಗಿಂದ ಬಂದ ಹೊಡೆತದ ಸದ್ದು ಕೇಳಿದ್ದೇನೆ ಎಂದು ಅವನೊಂದು ಮಾತು ಹೇಳಿದರೆ ಕೇಸು ಗಟ್ಟಿಯಾಗುತ್ತದೆ.

ಕೋರ್ಟಿನಿಂದ ತಪಾಸಣೆಯವರು ಬಂದು ನೋಡುವತನಕ ಗಾಡಿಯ ಒಂದು ಬೋಲ್ಟನ್ನೂ ಮುಟ್ಟುವಂತಿಲ್ಲ ಎಂದು ಗಾಜಿನಂಗಡಿಯವರಿಗೆ ಹೇಳಿದಾಗ ಅವರು ತಲೆ ಮೇಲೆ ಕೈಯಿಟ್ಟುಕೊಂಡು ಹೋಗಿ ಮತ್ತೊಂದು ಚಹಾ ಕುಡಿದರು.

* * *

ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿನಲ್ಲಿ ಮೇಸ್ತ್ರಿ ಮನೆಯಲ್ಲಿ ವಿಷಯ ಹೇಳಿದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೀವು ಮಾಡಿದ್ದು ದೊಡ್ಡ ತಪ್ಪು, ಹೋಗಿ ಹೇಳಿಬಿಡಿ, ಊರು ಏನಂದರೂ ಅಂದುಕೊಳ್ಳಲಿ, ಮೈದುನ ಮನೆಗೆ ಬರಲಿ ಎಂದಳು. ಮದುವೆಯಾಗಿ ಬಂದಾಗ ಮೈದುನನಿಗೆ ಹತ್ತು ವರ್ಷ, ಅವನ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು ಅವಳೇ.

ಮಗಳು ಮಾತ್ರ ಊಟದ ಮೇಜಿನ ಅಂಚು ಹಿಡಿದು ನಿಂತೇ ಇದ್ದಳು. ಹತ್ತೊಂಬತ್ತರ ಹುಡುಗಿ, ಕಾಲೇಜಿನ ಎರಡನೇ ವರ್ಷ. ಚಿಕ್ಕವಳಿದ್ದಾಗ ಅಪ್ಪನಿಗಿಂತ ಚಿಕ್ಕಪ್ಪನ ಹೆಗಲ ಮೇಲೇ ಹೆಚ್ಚು ಬೆಳೆದವಳು.

"ಚಿಕ್ಕಪ್ಪಂಗೆ ಗೊತ್ತಾ ಇದು?" ಎಂದು ಕೇಳಿದಳು.

ಈಗ ಹೇಳಲು ಹೋಗುತ್ತಿದ್ದೇನೆ ಎಂದ ಮೇಸ್ತ್ರಿ. ನಾನೂ ಬರ್ತೀನಿ ಎಂದಳು. ಒಂದು ಸಲಕ್ಕೆ ಒಬ್ಬರನ್ನೇ ಬಿಡುವುದು ಎಂದ. ಅವಳು ಗೇಟಿನತನಕ ಹಿಂದೆಯೇ ಬಂದಳು.

"ಅಪ್ಪ, ಚಿಕ್ಕಪ್ಪ ಹೂಂ ಅಂದ್ರೆ ಮಾತ್ರ ಹೇಳು. ಅವರನ್ನ ಕೇಳದೆ ಏನೂ ಹೇಳಬೇಡ."

ಅಪ್ಪ ಜೈಲಿಗೆ ಹೋಗುತ್ತಾನೆಂದು ಮಗು ಹೆದರಿದೆ ಎಂದುಕೊಂಡ ಮೇಸ್ತ್ರಿ. ಅವಳ ತಲೆ ಸವರಿ, ಏನೂ ಆಗಲ್ಲ ಬಿಡು ಎಂದು ಹೊರಟ. ಬಸ್ಸಿನಲ್ಲಿ ಉದ್ದಕ್ಕೂ ತಮ್ಮನಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ಯಾವುದೂ ಸರಿಯಾಗಿ ಕೂಡಲಿಲ್ಲ.

ಜೈಲಿನ ಭೇಟಿಯ ಕೋಣೆಯಲ್ಲಿ ನಡುವೆ ದಪ್ಪ ಗಾಜು, ಎರಡೂ ಕಡೆ ಒಂದೊಂದು ಫೋನು. ತಮ್ಮ ತೆಳ್ಳಗಾಗಿದ್ದ. ಒಳಗೆ ಬಡಗಿ ಕೆಲಸಕ್ಕೆ ಹಾಕಿದ್ದಾರೆ, ಸ್ಟೂಲು ಮಾಡ್ತೀನಿ ಎಂದು ಹೋದ ಸಲ ಹೇಳಿದ್ದ. ಅವನ ಉಗುರಿನ ಸುತ್ತ ಪಾಲಿಶಿನ ಕಪ್ಪು ಅಂಟಿತ್ತು. ಫೋನು ಹಿಡಿದ ಕೈ ಸ್ವಲ್ಪವೂ ಅಲುಗುತ್ತಿರಲಿಲ್ಲ.

ಮೇಸ್ತ್ರಿ ಕಟ್ಟಿಕೊಂಡು ಬಂದ ಮಾತುಗಳನ್ನೆಲ್ಲ ಬಿಟ್ಟು ನೇರವಾಗಿ ಹೇಳಿದ. ಶಾಫ್ಟು, ಚುಕ್ಕೆ, ಎರಡು ಹಲ್ಲು, ಪೈಪು. ಓಡಿಸಿ ನೋಡದೆ ಓಡಿಸಿದೆ ಎಂದು ಸುಳ್ಳು ಹೇಳಿದ್ದು. ನೀನು ಹೇಳಿದ್ದೆಲ್ಲ ನಿಜ ಕಣೋ, ನನ್ನಿಂದ ನಿನ್ನ ಎರಡು ವರ್ಷ ಹೋಯಿತು ಎಂದ.

ತಮ್ಮ ಗಾಜಿನ ಆಚೆ ಕೂತು ಕೇಳಿದ. ಮುಗಿದ ಮೇಲೆ ಮೇಜನ್ನೇ ನೋಡುತ್ತ ಹೇಳಿದ.

"ಗಾಡಿ ನಡುಗಿದ್ದಕ್ಕೆ ನಂಗೆ ಸಿಟ್ಟಿಲ್ಲ ಅಣ್ಣ. ತಪ್ಪು ಯಾರ ಕೈಯಿಂದಾದ್ರೂ ಆಗುತ್ತೆ. ಕೈ ನಡುಗುತ್ತೆ ಅಂದೆಯಲ್ಲ, ಅದಕ್ಕಿದೆ."

"ಇರಲಿ. ಇರಬೇಕು."

"ನಾಲ್ಕು ವರ್ಷ ಒಂದು ತೊಟ್ಟು ಮುಟ್ಟಿರಲಿಲ್ಲ. ನಿಂಗದು ಗೊತ್ತಿತ್ತು."

ಮೇಸ್ತ್ರಿಗೆ ಗಾಜಿಗೆ ಹಣೆ ಹಚ್ಚಬೇಕೆನಿಸಿತು. ಗೊತ್ತಿತ್ತು ಎಂದ. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲು ತನ್ನಿಂದ ಆಗುವುದಿಲ್ಲ, ಆದರೆ ಕೋರ್ಟಿನಲ್ಲಿ ಆಡಿದ್ದನ್ನು ಸೋಮವಾರ ಕೋರ್ಟಿನಲ್ಲೇ ತೆಗೆದುಕೊಳ್ಳುತ್ತೇನೆ, ಮಂಗಳವಾರದ ಊಟ ನೀನು ನಮ್ಮ ಮನೆಯಲ್ಲೇ ಮಾಡಬೇಕು ಎಂದ.

ತಮ್ಮ ತಲೆಯೆತ್ತಿದ. ಅವನ ಮುಖದಲ್ಲಿ ಮೇಸ್ತ್ರಿ ನಿರೀಕ್ಷಿಸಿದ್ದು ಯಾವುದೂ ಇರಲಿಲ್ಲ, ಭಯ ಇತ್ತು.

"ಬೇಡ ಅಣ್ಣ. ಕೋರ್ಟಲ್ಲಿ ಏನೂ ಹೇಳಬೇಡ. ಕೇಸು ಮತ್ತೆ ಕೆದಕಿದ್ರೆ ಆ ದಿನ ಅಲ್ಲಿದ್ದವರನ್ನೆಲ್ಲ ಕರೆಸ್ತಾರೆ. ಮೇಲ್ಮನವಿ ವಾಪಸ್ ತಗೋತೀನಿ ಅಂತ ವಕೀಲಮ್ಮಂಗೆ ಹೇಳು."

"ತಲೆ ಕೆಟ್ಟಿದೆಯಾ ನಿಂಗೆ? ಇನ್ನೂ ಮೂರು ವರ್ಷ ಇದೆ. ಬಸ್ ಸ್ಟಾಪಲ್ಲಿ ಇನ್ನೊಬ್ಬ ಇದ್ದನಂತಲ್ಲ, ವಕೀಲಮ್ಮ ಅವನನ್ನೂ ಹುಡುಕ್ತಿದ್ದಾರೆ. ಅವನೂ ನಿನ್ನ ಪರ ಹೇ—"

"ಅವನು ಬರಬಾರದು."

ತಮ್ಮ ಅಷ್ಟು ಜೋರಾಗಿ ಹೇಳಿದ್ದರಿಂದ ಮೂಲೆಯಲ್ಲಿದ್ದ ಪೇದೆ ಇತ್ತ ತಿರುಗಿ ನೋಡಿದ. ತಮ್ಮ ದನಿ ಇಳಿಸಿದ. ಫೋನಿಗೆ ಬಾಯಿ ಹಚ್ಚಿ, ಒಂದೊಂದೇ ಮಾತು ಹೇಳಿದ.

"ಗಾಡಿ ಮೂತಿ ಅವನ ಕಡೆಗೇ ಇತ್ತು. ಒಳಗೆ ಯಾರು ಎಲ್ಲಿ ಕೂತಿದ್ರು ಅಂತ ಅವನು ನೋಡಿದಾನೆ. ನಾನು ಕೂತಿದ್ದು ಪಕ್ಕದ ಸೀಟಲ್ಲಿ ಅಣ್ಣ."

ಮೇಸ್ತ್ರಿಗೆ ಅರ್ಥವಾಗಲಿಲ್ಲ. ಮತ್ತೆ ಓಡಿಸುತ್ತಿದ್ದವರು ಯಾರು ಎಂದು ಕೇಳಿದ. ತಮ್ಮ ಅವನನ್ನೇ ನೋಡಿದ. ಆ ನೋಟದಲ್ಲಿ ಅಣ್ಣನ ಮೇಲೆ ಕರುಣೆ ಇತ್ತು.

"ಅವಳಿಗೆ ಆಗ ಹದಿನೇಳು," ಎಂದ ತಮ್ಮ. "ಲೈಸೆನ್ಸಿಲ್ಲ. ಕಲಿಸು ಕಲಿಸು ಅಂತ ಒಂದು ತಿಂಗಳಿಂದ ಜೀವ ತಿಂತಿದ್ಲು. ನಾನೇ ಕೂರಿಸಿದ್ದು, ತಪ್ಪು ನಂದು. ಜನ ಸೇರೋಕೆ ಮುಂಚೆ ಇಳಿಸಿ ಮನೆಗೆ ಕಳಿಸಿಬಿಟ್ಟೆ. ಬ್ರೇಕ್ ತುಳಿದಿದ್ಲು ಅಣ್ಣ. ಎರಡೂ ಕಾಲಲ್ಲಿ ತುಳಿದಿದ್ಲು."

ಪೇದೆ ಬಂದು ಹೊತ್ತಾಯಿತು ಎಂದ. ಮೇಸ್ತ್ರಿ ಫೋನಿನಲ್ಲಿ ಏನೋ ಹೇಳಿದ, ಆದರೆ ಅಷ್ಟರಲ್ಲಿ ಆಚೆ ಕಡೆ ಲೈನು ಕಡಿದಿತ್ತು. ಗಾಜಿನ ಹಿಂದೆ ತಮ್ಮ ಎದ್ದು ನಿಂತು, ಬೇಡ ಎಂದು ಕೈಯಾಡಿಸುತ್ತಲೇ ಒಳಗೆ ಹೋದ.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಮೇಸ್ತ್ರಿ ಜೈಲಿನ ಗೋಡೆ ಹಿಡಿದುಕೊಂಡು ನಡೆದ. ಎರಡು ವರ್ಷ ಮಗಳು ತನ್ನ ಎದುರೇ ಕೂತು ಉಂಡಿದ್ದಳು, ಓದಿದ್ದಳು, ಎದ್ದು ಕಾಲೇಜಿಗೆ ಹೋಗಿದ್ದಳು. ಅಂಗೈ ಇಟ್ಟು ಗಾಡಿಯ ರೋಗ ಹೇಳುವ ತಾನು ಅವಳ ತಲೆ ಸವರಿಯೂ ಏನನ್ನೂ ತಿಳಿಯಲಿಲ್ಲ. ಆ ಎರಡು ಹಲ್ಲಿನ ತಪ್ಪನ್ನು ತಾನು ಕೂರಿಸಿದ್ದು ತಮ್ಮನ ಕಾಲ ಕೆಳಗಲ್ಲ, ಅವಳ ಕಾಲ ಕೆಳಗೆ. ಸೋಮವಾರ ಬಾಯಿ ಬಿಟ್ಟರೆ ಮಗಳು, ಬಿಡದಿದ್ದರೆ ತಮ್ಮ.

ಗೇಟಿನ ಆಚೆ, ರಸ್ತೆಯ ಪಕ್ಕ ವಕೀಲಮ್ಮನ ಕಾರು ನಿಂತಿತ್ತು. ಅವರು ಬಾಗಿಲು ತೆಗೆದುಕೊಂಡು ಇವನ ಕಡೆಗೇ ಬೇಗ ಬೇಗ ಬಂದರು. ಎಂಟು ವಾರದಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು ಇತ್ತು. ಮೇಸ್ತ್ರಿ ಏನಾದರೂ ಹೇಳುವ ಮೊದಲೇ ಅವರು ಹಿಂದಿನ ಸೀಟಿನ ಕಡೆ ಕೈ ತೋರಿಸಿದರು. ಅಲ್ಲಿ ಊರುಗೋಲನ್ನು ತೊಡೆಯ ಮೇಲೆ ಇಟ್ಟುಕೊಂಡ ಒಬ್ಬ ಮನುಷ್ಯ ಕೂತಿದ್ದ.

"ಸಿಕ್ಕಿದ್ರು ಮೇಸ್ತ್ರಿಗಳೇ, ಬಸ್ ಸ್ಟಾಪಿನವರು. ಸೋಮವಾರ ಬಂದು ಕಂಡಿದ್ದನ್ನೆಲ್ಲ ಹೇಳ್ತಾರಂತೆ," ಎಂದರು ವಕೀಲಮ್ಮ. "ಅದಕ್ಕೆ ಮುಂಚೆ ಒಂದು ವಿಷಯ ನಿಮಗೊಬ್ಬರಿಗೇ ಹೇಳಬೇಕಂತೆ, ಏನೂಂತ ನಂಗೂ ಹೇಳಲಿಲ್ಲ. ಇಷ್ಟು ಮಾತ್ರ ಅಂದ್ರು. ನಿಮ್ಮನೆ ಹುಡುಗಿ ಎರಡು ವರ್ಷದಿಂದ ಪ್ರತಿ ವಾರ ಅವರನ್ನ ನೋಡೋಕೆ ಹೋಗ್ತಿದ್ದಾಳಂತೆ."